ಮಿಕ್ಸಿ ಡಬ್ಬದೊಳಗಿನ ಕನ್ನಡ ಹಾಳೆ

ಹೊಸ ಮಿಕ್ಸಿಯ ಡಬ್ಬ ಬಿಚ್ಚಿದಾಗ ಮೊದಲು ಥರ್ಮೋಕೋಲು ಕಿರ್ರೆಂದಿತು, ಆಮೇಲೆ ಆ ವಾಸನೆ ಬಂತು. ಮಡಚಿ ಮಡಚಿ ಅಂಗೈಯಗಲ ಮಾಡಿ ತುರುಕಿದ ಹಾಳೆಯ ವಾಸನೆ. ಅಚ್ಚಿನ ಮಸಿ, ಅಗ್ಗದ ಕಾಗದ, ಜೊತೆಗೆ ಸೀಮೆಎಣ್ಣೆಯಂಥದ್ದೇನೋ ಒಂದು. ಮಗಳು ಜಾರುಗಳನ್ನು ಎತ್ತಿ ಎತ್ತಿ ನೋಡುತ್ತಿದ್ದಳು. ನಾನು ಆ ಹಾಳೆಯನ್ನು ಮೂಗಿಗೆ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಇಂಗ್ಲಿಷು, ಹಿಂದಿ, ತಮಿಳು, ತೆಲುಗು ಎಲ್ಲ ದಾಟಿ ಕನ್ನಡದ ಭಾಗ ಹುಡುಕಿದೆ. ಹೀಗಿತ್ತು: "ಉಪಕರಣದ ಸುರಕ್ಷಿತ ಕಾರ್ಯಾಚರಣೆಯನ್ನು ಖಚಿತಪಡಿಸಿಕೊಳ್ಳುವ ಸಲುವಾಗಿ ಪಾತ್ರೆಯ ಭರ್ತಿಯು ಸೂಚಿತ ಮಟ್ಟವನ್ನು ಮೀರದಿರುವಿಕೆಯನ್ನು ಬಳಕೆದಾರರು ಗಮನಿಸತಕ್ಕದ್ದು." ಒಂದು ಸಲ ಮನಸ್ಸಲ್ಲೇ ಓದಿದೆ. ಇನ್ನೊಂದು ಸಲ ಬಾಯಿಬಿಟ್ಟು ಓದಿದೆ. ಅರ್ಧ ಆಯಸ್ಸು ಇಂಥ ಹಾಳೆಗಳನ್ನೇ ಬರೆದ ನನಗೇ ತಲೆಬುಡ ತಿಳಿಯಲಿಲ್ಲ. ಅಲ್ಲಾ, ಜಾರನ್ನು ಪೂರ್ತಿ ತುಂಬಬೇಡಿ ಅನ್ನೋಕೆ ಇಷ್ಟು ತಿಣುಕಬೇಕಾ? ಯಾವ ಯಂತ್ರ ಬರೆಯಿತೋ, ಯಾವ ಪುಣ್ಯಾತ್ಮ ಕಣ್ಣುಮುಚ್ಚಿ ಅಚ್ಚಿಗೆ ಕಳಿಸಿದನೋ!

"ಯಾರಮ್ಮಾ ಅದೆಲ್ಲಾ ಪಡಿಕ್ಕಿರಾಂಗ?" ಅಂದಳು ಮಗಳು. ಅದನ್ನೆಲ್ಲ ಯಾರು ಓದ್ತಾರೆ ಅಂತ. ನಾನು ಕನ್ನಡದಲ್ಲಿ ಮಾತಾಡೋದು, ಅವಳು ತಮಿಳಲ್ಲಿ ಉತ್ತರ ಕೊಡೋದು, ಶಾಲೆಗೆ ಸೇರಿದಾಗಿಂದ ನಮ್ಮನೇಲಿ ಹೀಗೇ. ನಾನು ಓದುತ್ತಿದ್ದೆ ಕಣೇ, ನಾವೆಲ್ಲ ಓದುತ್ತಿದ್ದೆವು ಅನ್ನಬೇಕೆನಿಸಿತು. ಅಷ್ಟರಲ್ಲಿ ಅಕ್ಕೋರು ನೆನಪಾಗಿದ್ದರು...

ಅಕ್ಕೋರು ಅಂದರೆ ಧಾರವಾಡದ ಕಡೆ ಟೀಚರಮ್ಮ. ಊರಲ್ಲಿ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದವರು, ಗಂಡನ ರೈಲ್ವೆ ಕೆಲಸದ ಹಿಂದೆ ಮದ್ರಾಸಿಗೆ ಬಂದರು. ಇಲ್ಲಿ ಶಾಲೆ ಸಿಗಲಿಲ್ಲ, ಈ ಹಾಳೆಗಳು ಸಿಕ್ಕಿದವು. ಇಲ್ಲಿ ತಯಾರಾದ ಕುಕ್ಕರು, ಮಿಕ್ಸಿ, ಕೆಮ್ಮಿನ ಔಷಧಿ, ಇರುವೆ ಪುಡಿ, ಕರ್ನಾಟಕಕ್ಕೆ ಹೋಗುವ ಯಾವುದಕ್ಕಾದರೂ ಒಂದು ಕನ್ನಡ ಹಾಳೆ ಬೇಕಲ್ಲ, ಅದನ್ನು ಬರೆದುಕೊಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅದೇ ಅವರ ಬದುಕಾಯಿತು. ಕೋಡಂಬಾಕ್ಕಂನಲ್ಲಿ ಒಂದು ಸಸ್ಯಾಹಾರಿ ಹೋಟೆಲಿನ ಮೇಲೆ ಎರಡು ಕೋಣೆ. ಒಂದರಲ್ಲಿ ಅವರು ಇರುತ್ತಿದ್ದರು, ಇನ್ನೊಂದರಲ್ಲಿ ಕೆಲಸ. ಕಿಟಕಿ ತೆಗೆದರೆ ಕೆಳಗಿನ ಸಾಂಬಾರಿನ ಹಬೆ ನೇರ ಮುಖಕ್ಕೆ.

ನಾನು ಅಲ್ಲಿ ಸೇರಿದಾಗ ಕನ್ನಡ ಎಂ.ಎ. ಮಾಡಿದ ಜಂಬ ಮೈತುಂಬ ಇತ್ತು. ನಮ್ಮದು ಮೈಸೂರು ಕಡೆಯ ಮನೆ, ತಾತನ ಕಾಲದಿಂದ ಇಲ್ಲೇ ಇದ್ದರೂ ನಮ್ಮ ಕನ್ನಡವೇ ಕನ್ನಡ ಅನ್ನೋ ಮನೆ. ಮೊದಲ ದಿನ ಕುಕ್ಕರಿನ ಹಾಳೆ ಕೊಟ್ಟರು. "ಒತ್ತಡವು ಸಂಪೂರ್ಣವಾಗಿ ಶಮನಗೊಂಡ ತರುವಾಯ ಮುಚ್ಚಳವನ್ನು ತೆರೆಯತಕ್ಕದ್ದು" ಅಂತ ದುಂಡಗೆ ಬರೆದು, ಶಭಾಷ್ ಅಂತಾರೆ ಅಂತ ಕಾದೆ.

ಅಕ್ಕೋರು ಓದಲೂ ಇಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೆಳಗಿನ ಹೋಟೆಲಿನ ಅಡುಗೆ ಭಟ್ಟರನ್ನು ಕೂಗಿದರು. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿಗೆ ಇನ್ನೂ ಹೊತ್ತಿರುವಾಗ ಕುಂದಾಪುರ ಕಡೆಯ ಆ ಭಟ್ಟರು ಪಂಚೆಗೆ ಕೈ ಒರೆಸಿಕೊಳ್ಳುತ್ತಾ ಮೇಲೆ ಬರುತ್ತಿದ್ದರು, ಒಂದು ಲೋಟ ಮಜ್ಜಿಗೆ ಕುಡಿಯುತ್ತಿದ್ದರು, ನಾವು ಬರೆದದ್ದನ್ನು ಓದುತ್ತಿದ್ದರು. ಅದೇ ಅಲ್ಲಿನ ಪದ್ಧತಿ. ಭಟ್ಟರು ನನ್ನ ಸಾಲನ್ನು ಬೆರಳಿಟ್ಟು ಓದಿ "ಆಯ್ತು, ಅರ್ಥ ಆಯ್ತು ಅಮ್ಮ" ಅಂದರು. ನಾನು ಬೀಗಿದೆ. ಅಕ್ಕೋರು ಅವರ ಕೈಯಿಂದ ಹಾಳೆ ತಗೊಂಡು ಮಗುಚಿ ಮೇಜಿನ ಮೇಲಿಟ್ಟರು. "ಅದಿರಲಿ ಭಟ್ರ, ಈಗ ಏನ್ ಮಾಡ್ತೀರಿ?"

"ಎಂತ ಮಾಡುದು? ಮುಚ್ಚಳ ತೆಗೀತೇನೆ."

ಒತ್ತಡ ಇಳಿಯುವ ಮಾತೇ ಇಲ್ಲ, ಮುಚ್ಚಳ ಒಂದೇ. ನನಗೆ ನಾಚಿಕೆಯಾಯಿತೋ ಸಿಟ್ಟು ಬಂತೋ ಈಗ ನೆನಪಿಲ್ಲ. ಭಟ್ಟರು ಹೋದ ಮೇಲೆ ಅಕ್ಕೋರು ನಗಲಿಲ್ಲ, ಬೈಯಲಿಲ್ಲ. "ತಿಳೀತು ಅನ್ನೂದು ಉತ್ತರ ಅಲ್ಲ, ತಂಗಿ. ಅದು ಮರ್ಯಾದಿ. ಎದುರಿಗೆ ಕೂತವರ ಮನಸ್ಸು ನೋಯಿಸಬಾರದು ಅಂತ ಎಲ್ಲಾರೂ ತಿಳೀತು ಅಂತಾರ. ಏನ್ ಮಾಡ್ತೀರಿ ಅಂತ ಕೇಳಬೇಕು. ಉತ್ತರ ತಪ್ಪಾತಂದ್ರ ಓದಿದವರದ್ದಲ್ಲ ತಪ್ಪು, ಹಾಳೀದು," ಅಂದರು.

ಆ ಕುಕ್ಕರಿನ ಸಾಲು ಕೊನೆಗೆ ಹೀಗಾಯಿತು: "ಕೂಗು ನಿಂತರೂ ಒಳಗೆ ಆವಿ ಇರುತ್ತದೆ. ಈಗಲೇ ತೆಗೆದರೆ ಮುಖ ಸುಡುತ್ತದೆ. ಮೇಲಿನ ತೂಕವನ್ನು ಚೂರು ಎತ್ತಿ ನೋಡಿ. ಸುಯ್ ಅಂದರೆ ಇನ್ನೂ ಕಾಯಿರಿ." ಸುಯ್ ಅನ್ನೋ ಮಾತು ಅಚ್ಚಿನಲ್ಲಿ ಬರಬಾರದು ಅಂತ ಕಂಪನಿಯವರು ಹಟ ಹಿಡಿದರು. ಅಕ್ಕೋರು ಫೋನಿನಲ್ಲೇ ಅವರ ಜೊತೆ ಜಗಳಕ್ಕೆ ನಿಂತರು. ಧಾರವಾಡದ ದನಿ, ಅರ್ಧ ತಮಿಳು, ಅರ್ಧ ಇಂಗ್ಲಿಷು. "ನಿಮ್ಮ ಕುಕ್ಕರ್ ಸುಯ್ ಅನ್ನಲ್ಲೇನು? ಅನ್ನದಿದ್ರ ಹೇಳ್ರಿ, ತಗಿತೀನಿ!" ಸುಯ್ ಉಳಿಯಿತು. ಹೀಗೆ ಅವರು ಗೆದ್ದ ಜಗಳಗಳು ಎಷ್ಟೋ... ಸೋತದ್ದೂ ಇರಬೇಕು, ಅದನ್ನು ನಮಗೆ ಹೇಳುತ್ತಿರಲಿಲ್ಲ.

ಇನ್ನೊಂದು ಅವರ ಶೇಂಗಾ ಚಟ್ನಿ ಪುಡಿ. ಬಂದವರಿಗೆಲ್ಲ ಒಂದು ಬಾಟಲಿ. ಮಿಕ್ಸಿಗಳ ಹಾಳೆ ಬರೆದು ಬರೆದು ಹೊಟ್ಟೆ ಹೊರೆದುಕೊಂಡ ಹೆಂಗಸು, ತನ್ನ ಮನೆಯ ಶೇಂಗಾವನ್ನು ಒಂದು ದಿನವೂ ಮಿಕ್ಸಿಗೆ ಹಾಕಲಿಲ್ಲ. "ಎಣ್ಣಿ ಬಿಟ್ಟು ಮುದ್ದಿ ಆಗ್ತದ" ಅಂತ ಕಲ್ಲಿನ ಕುಟ್ಟಾಣಿಯಲ್ಲೇ ಕುಟ್ಟುತ್ತಿದ್ದರು. ಬಾಟಲಿ ತೊಳೆದು ವಾಪಸು ಕೊಡದಿದ್ದರೆ ಮಾತ್ರ ಮುಗೀತು, ಎಂಥ ನಂಟನ್ನೂ ನೋಡುತ್ತಿರಲಿಲ್ಲ. ನಾನೇ ಎಷ್ಟು ಸಲ ಬೈಸಿಕೊಂಡಿದ್ದೇನೆ!

ಆಮೇಲೆ ಅವರಿಗೆ ತಿಂದದ್ದು ಹೊಟ್ಟೆಯಲ್ಲಿ ನಿಲ್ಲದ ಹಾಗಾಯಿತು. ಮೊದಮೊದಲು ಪಿತ್ತ ಅಂದರು, ಜೀರಿಗೆ ನೀರು ಕುಡಿದರು. ಸೀರೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋದಾಗ ನಾನೇ ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಪರೀಕ್ಷೆಗಳೆಲ್ಲ ಆದವು. ಒಂದು ಶುಕ್ರವಾರ ಡಾಕ್ಟರು ತಮಿಳಿನಲ್ಲಿ ತುಂಬ ಮೆತ್ತಗೆ ಮಾತಾಡಿ, ಆಪರೇಷನ್ ಬಗ್ಗೆ ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಗಳನ್ನು ಕೈಗಿಟ್ಟರು. ಓದಿ ಯೋಚನೆ ಮಾಡಿ, ಮಾಡಿಸ್ಕೋತೀರೋ ಇಲ್ಲವೋ ಸೋಮವಾರ ಬಂದು ಹೇಳಿ ಅಂದರು.

ಆಟೋದಲ್ಲಿ ಅಕ್ಕೋರು ಆ ಹಾಳೆಗಳನ್ನು ನನ್ನ ತೊಡೆಯ ಮೇಲೆ ಹಾಕಿದರು. "ಇದನ್ನ ಕನ್ನಡದಾಗ ಬರಿ. ನಮ್ಮ ರೀತಿ."

"ನಿಮಗೆ ಇಂಗ್ಲಿಷ್ ಬರುತ್ತಲ್ಲ ಅಕ್ಕೋರೆ!"

"ಬರತದ. ಇಂಗ್ಲಿಷಿನ್ಯಾಗ ಓದಿದ್ರ ಬ್ಯಾರೆ ಯಾರದೋ ಬ್ಯಾನಿ ಅನಸ್ತದ."

ಶನಿವಾರ ಬೆಳಿಗ್ಗೆ ಬರೆದುಕೊಂಡು ಹೋದೆ. "ಶಸ್ತ್ರಚಿಕಿತ್ಸೆಯ ಫಲಿತಾಂಶವು ರೋಗಿಯ ದೇಹಸ್ಥಿತಿಯನ್ನು ಅವಲಂಬಿಸಿರುತ್ತದೆ" ಅಂತ ಶುರುವಾಗುತ್ತಿತ್ತು ಅದು. ಅಕ್ಕೋರು ಒಂದೇ ಸಾಲು ಓದಿ ನನ್ನ ಮುಖ ನೋಡಿದರು. "ಕುಕ್ಕರಿಗೆ ಸುಯ್ ಅಂತ ಬರದಾಕಿ ನೀ, ನನಗ ಇದನ್ನ ಕೊಡ್ತೀಯೇನು?" ಅಂದರು. ನನಗೆ ಅಳು ಬಂತು. ಅಳುತ್ತಲೇ ಅವರ ಮೇಜಿನಲ್ಲೇ ಕೂತು ಮತ್ತೆ ಬರೆದೆ. ಕೆಲಸ ಕಲಿಸಿದವರ ಎದುರೇ ಕೂತು ಅದನ್ನು ಬರೆಯೋದಿದೆಯಲ್ಲ, ಶತ್ರುವಿಗೂ ಬೇಡ.

"ನಿಮ್ಮ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ ಇದೆ. ಅದು ಲಿವರಿಗೂ ಹರಡಿದೆ. ಈ ಆಪರೇಷನ್‌ನಿಂದ ಕ್ಯಾನ್ಸರ್ ಹೋಗುವುದಿಲ್ಲ. ತಿಂದದ್ದು ಕೆಳಗೆ ಇಳಿಯಲು ಬೇರೆ ದಾರಿ ಮಾಡುತ್ತಾರೆ, ಅಷ್ಟೇ. ನಿಮಗೆ ಶಕ್ತಿ ಕಡಿಮೆ ಇದೆ. ಆಪರೇಷನ್ ಆದ ಮೇಲೆ ನೀವು ಏಳದೇ ಹೋಗಬಹುದು. ಆಪರೇಷನ್ ಬೇಡ ಅಂದರೆ ನೋವಿಗೆ ಔಷಧಿ ಕೊಡುತ್ತಾರೆ, ಟ್ಯೂಬಿನಲ್ಲಿ ಆಹಾರ ಕೊಡುತ್ತಾರೆ. ಆಗ ಕೆಲವು ತಿಂಗಳು ಇರಬಹುದು. ಎರಡರಲ್ಲಿ ಯಾವುದು ಅಂತ ನೀವೇ ಹೇಳಬೇಕು."

ಅಕ್ಕೋರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. ಒಂದು ಕಡೆ ಪೆನ್ಸಿಲ್ ಎತ್ತಿದರು, ಏನೂ ತಿದ್ದದೆ ಮತ್ತೆ ಕೆಳಗಿಟ್ಟರು. ಆಮೇಲೆ ತಾವೇ ಹಾಳೆ ಮಗುಚಿ ಮೇಜಿನ ಮೇಲಿಟ್ಟು ನನ್ನನ್ನೇ ನೋಡುತ್ತಾ ಕೂತರು. ಪದ್ಧತಿ ಪ್ರಕಾರ ನಾನು ಕೇಳಬೇಕಿತ್ತು. ಕೇಳಿದೆ, "ಈಗ ಏನ್ ಮಾಡ್ತೀರಿ ಅಕ್ಕೋರೆ?"

"ಶೇಂಗಾ ಚಟ್ನಿ ಕುಟ್ಟತೀನಿ," ಅಂದರು.

ಅಷ್ಟೇ. ಎದ್ದು ಒಳಗೆ ಹೋದರು, ಶೇಂಗಾ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಭಟ್ಟರು ಇಂಥ ಉತ್ತರ ಕೊಟ್ಟಿದ್ದರೆ ಹಾಳೆ ಕೆಟ್ಟಿದೆ ಅಂತ ಹರಿದು ಹೊಸದಾಗಿ ಬರೆಯುತ್ತಿದ್ದೆವು. ಇದನ್ನು ಇನ್ನು ಹೇಗೆ ಬರೆಯಲಿ? ಇದಕ್ಕಿಂತ ಬಿಡಿಸಿ ಬರೆಯೋಕೆ ನನಗೆ ಬರುತ್ತಿರಲಿಲ್ಲ. ಬರೆದದ್ದರಲ್ಲಿ ಒಂದು ಮಾತೂ ಕಠಿಣವಾಗಿರಲಿಲ್ಲ, ಎಲ್ಲ ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತಾಗುವ ಕನ್ನಡ...

ಭಾನುವಾರವಿಡೀ ಹುರಿದರು, ಸಿಪ್ಪೆ ತೆಗೆದರು, ಕುಟ್ಟಿದರು. ಉಸಿರು ಸಾಲದೆ ನಡುನಡುವೆ ಗೋಡೆಗೆ ಒರಗಿ ಕೂರುತ್ತಿದ್ದರು, ನಾನು ಕೈ ಹಾಕಲು ಹೋದರೆ ಗದರಿ ಕಳಿಸುತ್ತಿದ್ದರು. ಮೂರು ಬಾಟಲಿ ತುಂಬಿದವು. ಒಂದು ನನಗೆ. ಒಂದು ಭಟ್ಟರಿಗೆ, "ಬಾಟಲಿ ವಾಪಸ್ ಕೊಡಬ್ಯಾಡ್ರಿ" ಅಂತ ಹೇಳಿ ಕೊಟ್ಟರಂತೆ. ಇನ್ನೊಂದಕ್ಕೆ ಬಿಗಿಯಾಗಿ ಪ್ಲಾಸ್ಟಿಕ್ ಕಟ್ಟಿ ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ ತಮಗೇ ಅಂತ ಇಟ್ಟುಕೊಂಡರು.

ಸೋಮವಾರ ಡಾಕ್ಟರ ಎದುರು ಕೂತಾಗಲೂ ಆ ಚೀಲ ಮಡಿಲಲ್ಲೇ ಇತ್ತು. ಡಾಕ್ಟರು ಮತ್ತೊಂದು ಸಲ ಎಲ್ಲ ಹೇಳಿ, "ಪುರಿಂಜುದಾಮ್ಮಾ?" ಅಂತ ಕೇಳಿದರು. ತಿಳೀತಾ ಅಮ್ಮ ಅಂತ.

"ಪುರಿಂಜುದು ಡಾಕ್ಟರ್," ಅಂದರು ಅಕ್ಕೋರು. ಮುಖದಲ್ಲಿ ಅದೇ ಮರ್ಯಾದೆಯ ನಗು. ಭಟ್ಟರು ನಗುತ್ತಿದ್ದ ಹಾಗೆ, ನಾವು ಹಾಳೆ ಕೊಟ್ಟವರೆಲ್ಲ ನಗುತ್ತಿದ್ದ ಹಾಗೆ. ನಾನು ನಡುವೆ ಬಾಯಿ ಹಾಕಬೇಕೆಂದು ಅವರ ಕೈ ಹಿಡಿದೆ. ಅವರು ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಒತ್ತಿ, ಬಿಡಿಸಿಕೊಂಡು, ಆಪರೇಷನ್‌ಗೆ ಸಹಿ ಹಾಕಿದರು.

ಆಪರೇಷನ್ ಚೆನ್ನಾಗೇ ಆಯಿತು ಅಂದರು. ಅಕ್ಕೋರು ಒಮ್ಮೆ ಕಣ್ಣು ಬಿಟ್ಟು ನನ್ನನ್ನು ನೋಡಿದರು, ಗುರುತು ಹಿಡಿದರು ಅಂತಲೇ ನಾನು ನಂಬಿಕೊಂಡಿದ್ದೇನೆ. ಆಮೇಲೆ ಏಳಲಿಲ್ಲ. ಹುಬ್ಬಳ್ಳಿಯಿಂದ ಬಂದ ಅವರ ತಮ್ಮ ಮುಂದಿನದೆಲ್ಲ ನೋಡಿಕೊಂಡರು. ಚೀಲದಲ್ಲಿದ್ದ ಬಾಟಲಿ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಅದನ್ನು ನಾನು ಮನೆಗೆ ತಂದೆ.

"ಅವರಿಗೆ ಎಲ್ಲ ಗೊತ್ತಿತ್ತು ಅಮ್ಮ. ಇಲ್ಲದಿದ್ರೆ ಅವರು ಬಾಟಲಿ ಬಿಡುವ ಜನವಾ?" ಅಂದಿದ್ದರು ಭಟ್ಟರು. ಹೌದಲ್ಲ ಅನಿಸುತ್ತದೆ. ಮರುಗಳಿಗೆಗೆ, ಗೊತ್ತಿದ್ದವರು ತಮಗೆ ಅಂತ ಒಂದು ಬಾಟಲಿ ಯಾಕೆ ಕಟ್ಟಿಕೊಂಡು ಹೋದರು ಅನಿಸುತ್ತದೆ. ದಾರಿ ಮಾಡುತ್ತಾರೆ ಅನ್ನೋ ಒಂದು ಸಾಲನ್ನು ಮಾತ್ರ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟರಾ? ಭಟ್ಟರು ಮುಚ್ಚಳವನ್ನು ಮಾತ್ರ ಹಿಡಿದುಕೊಂಡ ಹಾಗೆ? ಹಾಗಾದರೆ ಆ ಸಾಲು ಅಲ್ಲಿರಬಾರದಿತ್ತಾ? ಇರಲೇಬೇಕಿತ್ತಲ್ಲ, ಅದೂ ನಿಜವೇ ಆಗಿತ್ತಲ್ಲ! ಯೋಚಿಸಿ ಯೋಚಿಸಿ ತಲೆ ಕೆಟ್ಟು ಗೊಬ್ಬರವಾಗಿದೆ. ಒಂದೊಂದು ಸಲ ಅಕ್ಕೋರ ಮೇಲೆ ವಿಪರೀತ ಸಿಟ್ಟು ಬರುತ್ತದೆ. ಕಂಡಕಂಡವರಿಗೆಲ್ಲ ಬಿಡಿಸಿ ಬಿಡಿಸಿ ಹೇಳಿದವರು, ನನಗೆ ಒಂದು ಮಾತು ಬಿಡಿಸಿ ಹೇಳಿ ಹೋಗಬಾರದಿತ್ತೇ?

ನನ್ನ ಬಳಿ ಉಳಿದ ಎರಡು ಬಾಟಲಿಯ ಪುಡಿಯನ್ನೂ ನಾನು ತಿನ್ನಲಿಲ್ಲ, ಎಸೆಯಲೂ ಇಲ್ಲ. ಕಮಟು ವಾಸನೆ ಬಂದ ಮೇಲೆ ಯಾವತ್ತೋ ಅತ್ತೆ ಚೆಲ್ಲಿದರು. ಭಟ್ಟರು ಊರಿಗೆ ಹೋದರು. ಹೋಟೆಲಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ, ಮೇಲಿನ ಕೋಣೆಗಳ ಕಿಟಕಿಗೆ ಅದರ ಬೋರ್ಡು ಅಡ್ಡ ಬಂದಿದೆ. ಕನ್ನಡ ಹಾಳೆ ಬರೆಯಿರಿ ಅಂತ ನನ್ನನ್ನು ಯಾರೂ ಕೇಳದೆ ಬಹಳ ದಿನವಾಯಿತು.

ಇವತ್ತು ಏನನಿಸಿತೋ, ಅಂಗಡಿಯಿಂದ ಶೇಂಗಾ ತರಿಸಿ, ಹುರಿದು, ಬೆಳ್ಳುಳ್ಳಿ ಖಾರದಪುಡಿ ಉಪ್ಪು ಸೇರಿಸಿ ಹೊಸ ಮಿಕ್ಸಿಗೇ ಹಾಕಿದೆ. ಗರ್ರ್ ಅಂದು ಎರಡು ಸುತ್ತು ತಿರುಗುವಷ್ಟರಲ್ಲಿ ಎಣ್ಣೆ ಬಿಟ್ಟು ಮುದ್ದೆಯಾಗಿ ಜಾರಿಗೆ ಅಂಟಿಕೊಂಡಿತು. ಅಕ್ಕೋರು ಹೇಳಿದ ಹಾಗೇ. ನಾನು ಜಾರು ಹಿಡಿದುಕೊಂಡು ಅಳುತ್ತಾ ನಿಂತಿದ್ದೆ. ಮಗಳು ಓಡಿಬಂದು "ಎನ್ನಮ್ಮಾ ಆಚ್ಚು?" ಅಂದಳು, ಏನಾಯ್ತಮ್ಮ ಅಂತ. ಅವಳಿಗೆ ಎಲ್ಲ ಹೇಳಿದೆ. ಮೊದಲ ಸಲ, ಹಾಳೆಯಿಂದ ಬಾಟಲಿವರೆಗೆ ಎಲ್ಲ.

ಅವಳು ಮುದ್ದೆಯಾದ ಚಟ್ನಿಯನ್ನು ಬೆರಳಲ್ಲಿ ತೆಗೆದು ನೆಕ್ಕಿದಳು. "ಅವಂಗಳುಕ್ಕು ಎಲ್ಲಾಂ ತೆರಿಯುಂಮಾ. ಸಾಪ್ಪಿಡಣುಂನು ಇರುಂದುದು, ಅವ್ವಳವುದಾನ್," ಅಂದಳು. ಅವರಿಗೆ ಎಲ್ಲ ಗೊತ್ತಿತ್ತಮ್ಮ, ತಿನ್ನಬೇಕು ಅನ್ನಿಸಿತ್ತು, ಅಷ್ಟೇ ಅಂತ. ಆಮೇಲೆ ನನ್ನ ಕೆನ್ನೆ ಒರೆಸುತ್ತಾ, ಚಿಕ್ಕ ಮಗುವಿಗೆ ಕೇಳುವ ಹಾಗೆ, "ಪುರಿಂಜುದಾ?" ಅಂದಳು.

ಪಾಪ, ನನಗೆ ಸಮಾಧಾನ ಮಾಡಲು ಅಷ್ಟು ಕಷ್ಟಪಡುತ್ತಿದ್ದಳು. "ಪುರಿಂಜುದು" ಅಂದೆ.

ಈಗ ಏನ್ ಮಾಡ್ತೀ ಅಂತ ಮುಂದಿನ ಪ್ರಶ್ನೆ ಕೇಳಲು ಅಕ್ಕೋರು ಇರಲಿಲ್ಲ.