ಮರೆಯಲ್ಲಿ ನಿಲ್ಲುತ್ತಿದ್ದ ಕೆಂಪು ಗಾಡಿ

ನಮ್ಮ ಸ್ಮಶಾನದಲ್ಲಿ ಮಲಗಿದವರಿಗೆ ಹೆಬ್ಬಾತುಗಳಿಂದ ಏನೂ ತೊಂದರೆಯಿಲ್ಲ. ತೊಂದರೆಯೆಲ್ಲ ಅವರನ್ನು ನೋಡಲು ಬರುವವರ ಬೂಟುಗಳಿಗೆ, ಆಮೇಲೆ ಇಲ್ಲಿನ ಕಾವಲುಗಾರನಾದ ನನಗೆ. ಓಹಾಯೋದ ಈ ಮೂಲೆಯಲ್ಲಿ ಹಸಿರು ಹುಲ್ಲು, ಪಕ್ಕದಲ್ಲೊಂದು ಕೊಳ ಇದ್ದರೆ ಸಾಕು, ಹೆಬ್ಬಾತುಗಳು ಮಾವನ ಮನೆಗೆ ಬಂದ ಅಳಿಯಂದಿರ ಹಾಗೆ ಬೀಡುಬಿಡುತ್ತವೆ. ಹುಲ್ಲು ಮೇಯುತ್ತವೆ, ಎಲ್ಲೆಂದರಲ್ಲಿ ಹಿಕ್ಕೆ ಹಾಕುತ್ತವೆ, ಹೂವಿಡಲು ಬಗ್ಗಿದ ಮುದುಕಿಯರ ಮೇಲೆ ಬುಸುಗುಟ್ಟುತ್ತವೆ. ಊರೊಳಗೆ ಅವನ್ನು ಕೊಲ್ಲುವಂತಿಲ್ಲ. ಅದಕ್ಕೇ ನಾವು ಆರ್ಡಿತ್ ಕೆಸ್ಲರ್‌ಳನ್ನು ಕರೆಸಿದ್ದು.

ಆರ್ಡಿತ್ ಕುರಿ ಸಾಕಿಕೊಂಡಿದ್ದವಳು. ಗಂಡ ತೀರಿಕೊಂಡ ಮೇಲೆ ಕುರಿಗಳನ್ನು ಮಾರಿ, ಅವನ್ನು ಕಾಯುತ್ತಿದ್ದ ಮೆಗ್ ಎಂಬ ಹೆಣ್ಣುನಾಯಿಯನ್ನು ಮಾತ್ರ ಉಳಿಸಿಕೊಂಡಳು. ಕೆಲಸವಿಲ್ಲದ ಮೆಗ್ ಮೊದಲು ಕೋಳಿಗಳನ್ನು, ಆಮೇಲೆ ಅಂಚೆಯವನನ್ನು ಮೂಲೆಗೆ ಒತ್ತರಿಸತೊಡಗಿತು. ಕೊನೆಗೆ ಅನ್ನ ನೀರು ಬಿಟ್ಟಿತು. ಆಗಲೇ ಆರ್ಡಿತ್‌ಗೆ ಅದನ್ನು ಹೆಬ್ಬಾತು ಓಡಿಸುವ ಕೆಲಸಕ್ಕೆ ಹಚ್ಚುವ ಯೋಚನೆ ಬಂದದ್ದು.

ಮೆಗ್ ಬೊಗಳುತ್ತಿರಲಿಲ್ಲ, ಕಚ್ಚುತ್ತಿರಲಿಲ್ಲ. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿ, ಒಂದೊಂದೇ ಹೆಜ್ಜೆ ಇಡುತ್ತ ದಿಟ್ಟಿಸುತ್ತಿತ್ತು. ಆ ನೋಟಕ್ಕೇ ಇಡೀ ಹಿಂಡು ಎದ್ದು ಹಾರುತ್ತಿತ್ತು. ಎಡಕ್ಕೊಂದು ಸಿಳ್ಳೆ, ಬಲಕ್ಕೊಂದು ಸಿಳ್ಳೆ, ಕೆಲಸ ಮುಗಿದಾಗ ಆರ್ಡಿತ್ ಹೇಳುವ ಎರಡೇ ಮಾತು: "ಸಾಕು, ಬಾ."

ತನ್ನ ಕೆಂಪು ಗಾಡಿಯನ್ನು ಅವಳು ಯಾವಾಗಲೂ ಪ್ರಾರ್ಥನಾ ಮಂದಿರದ ಹಿಂದೆ ಮರೆಯಲ್ಲಿ ನಿಲ್ಲಿಸುತ್ತಿದ್ದಳು. ಸಾಲ ಕೊಟ್ಟವರಿಂದ ತಲೆತಪ್ಪಿಸಿಕೊಂಡವಳ ಹಾಗೆ ಮಾಡ್ತೀಯಲ್ಲ ಎಂದು ನಾನು ಛೇಡಿಸಿದ್ದೆ.

"ಗಾಡಿ ಗುರುತು ಸಿಕ್ರೆ ಅದನ್ನ ನೋಡಿ ಹಾರ್ತವೆ, ಅದು ಹೋದ್ಮೇಲೆ ವಾಪಸ್ ಬರ್ತವೆ," ಅಂದಳು. "ಅವಕ್ಕೆ ಭಯ ಆಗ್ಬೇಕಾದ್ದು ಮೆಗ್‌ನ ಕಂಡು."

ಹೋದ ಚಳಿಗಾಲ ಮೆಗ್ ಸಿಳ್ಳೆಗೆ ತಿರುಗುವುದು ತಡವಾಗತೊಡಗಿತು. ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದೆ. ಆರ್ಡಿತ್ ಸಿಡುಕಿದಳು. ಕಿವಿ ಚೆನ್ನಾಗೇ ಇದೆಯಂತೆ, ಹಟವಂತೆ. ಆಮೇಲೆ, "ಕೆಲಸ ಬಿಡಿಸಿದ್ರೆ ಅವಳು ಬದುಕಲ್ಲ ಕಣೋ," ಅಂದಳು. ಅದು ಮೆಗ್ ಒಂದರ ವಿಷಯ ಹೇಳಿದ ಮಾತೆಂದು ನನಗನ್ನಿಸಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕೊಳದ ಮಂಜುಗಡ್ಡೆ ತೆಳುವಾಗಿ, ನಡುವೆ ಕರಗಿ ನೀರು ಕಾಣುತ್ತಿತ್ತು. ಹೆಬ್ಬಾತುಗಳು ಆ ನೀರಿನಲ್ಲಿ ಹಾಯಾಗಿ ತೇಲುತ್ತಿದ್ದವು. ದಡದಲ್ಲೇ ಸುತ್ತಿಬರಲು ಆರ್ಡಿತ್ ಸಿಳ್ಳೆ ಹಾಕಿದಳು. ಮೆಗ್ ನೇರವಾಗಿ ಮಂಜುಗಡ್ಡೆಗೇ ಇಳಿಯಿತು. ಮತ್ತೆ ಸಿಳ್ಳೆ, ಮತ್ತೆ ಸಿಳ್ಳೆ. ಕಿವಿಯೂ ಅಲುಗಲಿಲ್ಲ. ಹಕ್ಕಿಗಳ ಮೇಲೆ ಕಣ್ಣು ನೆಟ್ಟ ನಾಯಿ ಹಿಂದಿರುಗಿ ನೋಡುವುದೂ ಇಲ್ಲ. ಕಾಲಡಿಯ ಮಂಜುಗಡ್ಡೆ ಲಟಲಟ ಎನ್ನುವುದು ದಡಕ್ಕೇ ಕೇಳುತ್ತಿತ್ತು. ಆರ್ಡಿತ್ ತಾನೇ ಕಾಲಿಡಲು ಹೋದಾಗ ಅವಳ ಕೋಟು ಹಿಡಿದೆಳೆದೆ.

"ಗಾಡಿ ತಗೊಂಬಾ ವೆಂಡೆಲ್," ಅಂದಳು, ಬೀಗದ ಕೈ ನನ್ನ ಅಂಗೈಗೆ ತುರುಕಿ. "ಅವು ಹೋದ್ರೆ ಅವಳು ಬರ್ತಾಳೆ."

ಯಾರ್ಯಾರ ಸಮಾಧಿಯ ಹುಲ್ಲಿನ ಮೇಲೆ ಗಾಡಿ ಹತ್ತಿಸಿದೆನೋ ನನಗೆ ತಿಳಿಯದು. ಅವಳು ಎಷ್ಟು ಮರೆಮಾಡಿದ್ದರೂ ಹೆಬ್ಬಾತುಗಳಿಗೆ ಆ ಗಾಡಿಯ ಗುರುತು ಯಾವಾಗಲೋ ಸಿಕ್ಕಿತ್ತು. ಕೆಂಪು ಕಂಡದ್ದೇ ತಡ, ಅರಚಿಕೊಂಡು ಎಲ್ಲವೂ ಮೇಲೆದ್ದವು. ಮೆಗ್ ನಿಂತಿತು. ಖಾಲಿ ನೀರನ್ನೊಮ್ಮೆ ನೋಡಿ, ಕೆಲಸ ಮುಗಿಯಿತೆಂದು ತಿರುಗಿ, ಬಂದ ದಾರಿಯಲ್ಲೇ ದಡಕ್ಕೆ ಬಂತು.

ಆರ್ಡಿತ್ ಮಂಡಿಯೂರಿ ಅದರ ತಲೆಯ ಮೇಲೆ ಅಂಗೈ ಒತ್ತಿದಳು. "ಸಾಕು, ಬಾ," ಅಂದಳು. ಆಮೇಲೆ ನನಗೆ, "ಅವಳಿಗೆ ಕೇಳ್ಸಲ್ಲ."

ಈಗ ಗಾಡಿ ಕೊಳದ ದಡದಲ್ಲೇ ನಿಲ್ಲುತ್ತದೆ. ಮುಂದಿನ ಸೀಟಿನಲ್ಲಿ ಮೆಗ್ ಕೂತು, ಇಳಿಸಿದ ಗಾಜಿನಿಂದ ದಿಟ್ಟಿಸುತ್ತದೆ. ಹೆಬ್ಬಾತುಗಳು ಹಾರಿಹೋಗುತ್ತವೆ, ಗಾಡಿ ಗೇಟು ದಾಟಿದ ಮೇಲೆ ವಾಪಸ್ ಬರುತ್ತವೆ. ನಾನು ಮೊನ್ನೆ ದೂರಿದೆ.

"ಬರ್ಲಿ ಬಿಡೋ," ಅಂದಳು ಆರ್ಡಿತ್. "ನಾಳೆನೂ ಅವಳಿಗೆ ಕೆಲಸ ಬೇಕಲ್ಲ."

ನಾನು ಹಿಕ್ಕೆ ಬಾಚುವ ಸಲಿಕೆ ತೆಗೆದುಕೊಂಡು ಹೊರಟೆ.