ನಂಗ್‌ಬಿಡಿಯವರು ಹಿಡಿದ ಕೆಲಸ

ಅಪ್ಪ ಅಮ್ಮ ಇಟ್ಟ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವರು ನಂಗ್‌ಬಿಡಿ. ಮಹಡಿಯ ಪಂಪು ಕೆಟ್ಟರೆ, ಪಕ್ಕದ ಮನೆಯ ಹುಡುಗಿಗೆ ಕಾಲೇಜು ಸೀಟು ಬೇಕಾದರೆ, ಪ್ರೆಸ್ಸಿನ ಮಾಲೀಕರ ಕಾರಿನ ಗಾಜು ಮೇಲೇರದಿದ್ದರೆ, ಎದುರಿನವರ ಮಾತು ಮುಗಿಯುವ ಮೊದಲೇ "ಅದು ನಂಗ್ ಬಿಡಿ" ಎಂದುಬಿಡುತ್ತಿದ್ದರು. ಮೋಸದ ಮನುಷ್ಯರಲ್ಲ. ಕೇಳಿದವರ ಮುಖ ಬಾಡುವುದನ್ನು ನೋಡಲಾರರು, ಅಷ್ಟೆ. ಅವರು ಕೈ ಎತ್ತುವುದು ಎರಡು ಸಲ: ಕೆಲಸ ಒಪ್ಪಿಕೊಳ್ಳುವಾಗ ಒಮ್ಮೆ, ಕೆಲಸ ಕೆಟ್ಟಾಗ ಇನ್ನೊಮ್ಮೆ. ಈ ಎರಡರ ನಡುವೆ ಆ ಕೆಲಸವನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ ಎನ್ನುವುದೇ ಅವರ ಉಪಕಾರದ ಉಪದ್ರವ.

ಹೊಟ್ಟೆಪಾಡಿಗೆ ಪ್ರೆಸ್ಸಿನಲ್ಲಿ ಪುಟ ಜೋಡಿಸುತ್ತಿದ್ದರು. ಕಂಪ್ಯೂಟರಿನ ಮುಂದೆ ಕೂತು ಕೂತು ಕೋಡ್ ಬರೆಯುವುದನ್ನೂ ಅಷ್ಟಿಷ್ಟು ಕಲಿತರು. ಆ ಅಷ್ಟಿಷ್ಟರ ಧೈರ್ಯದ ಮೇಲೆ ಒಂದು ಓಪನ್ ಸೋರ್ಸ್ ಬಳಗ ಸೇರಿಕೊಂಡರು. ಒಳಗಿನ ಕೋಡನ್ನು ಯಾರು ಬೇಕಾದರೂ ತೆರೆದು ನೋಡಿ, ತಿದ್ದಿ, ಸಂಬಳವಿಲ್ಲದೆ ಬೆಳೆಸುವ ಬಳಗ ಅದು. ಅವರು ಬೆಳೆಸುತ್ತಿದ್ದುದು ದನಿ ಕಳೆದುಕೊಂಡವರ ಆ್ಯಪ್. ಫೋನಿನಲ್ಲಿ ಕನ್ನಡದಲ್ಲಿ ಟೈಪಿಸಿದರೆ ಫೋನು ಅದನ್ನು ಗಟ್ಟಿಯಾಗಿ ಹೇಳುತ್ತದೆ.

ಬಾಕಿ ಕೆಲಸಗಳೆಲ್ಲ ಎಲ್ಲರಿಗೂ ಕಾಣುವ ಹಾಗೆ ಒಂದು ಪುಟದಲ್ಲಿ ತೂಗಾಡುತ್ತಿದ್ದವು. ಬೇಕಾದವರು ಆರಿಸಿಕೊಂಡು ಕೆಳಗೆ "ಇದು ನನಗಿರಲಿ" ಎಂದು ಬರೆದರೆ ಆಯಿತು. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿದ ಹಾಗೆ. ಆಮೇಲೆ ಇನ್ನೊಬ್ಬರು ಅಲ್ಲಿ ಕೂರುವಂತಿಲ್ಲ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದ, ಯಾರೂ ಮುಖ ನೋಡಿರದ ಹಿರಿಯ ಹೆಂಗಸಿಗೆ ಬಳಗದವರು ಕಂಡಕ್ಟರಮ್ಮ ಎಂದೇ ಹೆಸರಿಟ್ಟಿದ್ದರು. ಅವರ ಕಾನೂನು ಒಂದೇ: ಒಬ್ಬರಿಗೆ ಒಂದು ಟವೆಲ್.

ನಂಗ್‌ಬಿಡಿಯವರು ಅಲ್ಲಿಯವರೆಗೆ ಮಾಡಿದ್ದು ಒಂದು ಗುಂಡಿಯ ಬಣ್ಣ ಬದಲಿಸಿದ್ದು, ಎರಡು ಕಾಗುಣಿತ ತಿದ್ದಿದ್ದು. ಅಷ್ಟರಲ್ಲಿ ಭಾವನ ಫೋನು ಬದಲಾಯಿತು.

ಭಾವ, ಅಂದರೆ ಅಕ್ಕನ ಗಂಡ, ಶಾಲೆಯಲ್ಲಿ ಗಣಿತದ ಮೇಷ್ಟ್ರು. ಗಂಟಲಿನ ಆಪರೇಶನ್ನಿನಲ್ಲಿ ದನಿ ಹೋಗಿತ್ತು. ಅದೇ ಆ್ಯಪ್ ಹಿಡಿದು ಮತ್ತೆ ಪಾಠ ಮಾಡಬಲ್ಲೆ ಎಂದು ಹಟ ಹಿಡಿದಿದ್ದರು. ಶಾಲೆಯ ಆಡಳಿತ ಸಮಿತಿ ಬುಧವಾರ ಬಂದು ಮಾತಾಡಿ ತೋರಿಸಿ ಎಂದಿತ್ತು. ಒಪ್ಪಿಗೆಯಾದರೆ ತರಗತಿ, ಇಲ್ಲದಿದ್ದರೆ ಉಗ್ರಾಣದಲ್ಲಿ ಬೆಂಚು ಎಣಿಸುವ ಕೆಲಸ. ಹೊಸ ಫೋನಿನಲ್ಲಿ ಒಂದು ಕಾಟ ಶುರುವಾಗಿತ್ತು: ವಾಕ್ಯ ಸ್ವಲ್ಪ ಉದ್ದವಾದರೆ ದನಿ ಅರ್ಧಕ್ಕೇ ನಿಂತುಬಿಡುತ್ತಿತ್ತು. ಆ ತಪ್ಪು ಬಳಗದ ಪುಟದಲ್ಲಿ ಕಾಣಿಸಿಕೊಂಡ ದಿನವೇ ನಂಗ್‌ಬಿಡಿಯವರು ಟವೆಲ್ ಎಸೆದಿದ್ದರು. ಭಾವನಿಗೂ ಮಾಮೂಲು ಮಾತು ಕೊಟ್ಟಿದ್ದರು.

ಭಾನುವಾರ ಬೆಳಿಗ್ಗೆ ಅಕ್ಕ ಭಾವ ಇಬ್ಬರೂ ಬಂದರು. ಭಾವ ಚಪ್ಪಲಿ ಬಿಡುವ ಮೊದಲೇ ಫೋನು ತೆಗೆದು ಟೈಪಿಸಿದರು.

"ಒಂದು ತ್ರಿಕೋನದ ಮೂರೂ ಕೋನಗಳನ್ನು ಕೂಡಿದರೆ ಬರುವ ಮೊತ್ತ," ಎಂದಿತು ಫೋನು. ಅಷ್ಟಕ್ಕೇ ಬಾಯಿ ಮುಚ್ಚಿತು.

"ಮೊತ್ತ ಎಷ್ಟು ಅಂತ ಸಮಿತಿಯೋರೇ ಹೇಳ್ಕೋಬೇಕು," ಎಂದಳು ಅಕ್ಕ. "ಏನೋ, ಆಯ್ತಾ ನಿನ್ನ ಕೆಲಸ?"

"ಆಗೋಯ್ತು ಅಕ್ಕ. ಒಂಚೂರು ಬಾಕಿ."

"ನಿನ್ನ ಒಂಚೂರು ನಂಗೊತ್ತು ಕಣೋ. ನನ್ನ ಮದುವೆ ಫೋಟೋಗೆ ಕಟ್ಟು ಹಾಕಿಸ್ತೀನಿ ಅಂತ ತಗೊಂಡು ಹೋದೋನು ನೀನು."

"ಸದ್ಯಕ್ಕೆ ಸಣ್ಣ ಸಣ್ಣ ವಾಕ್ಯ ಹೇಳಿದ್ರೆ ಆಗಲ್ವಾ ಭಾವ?"

ಭಾವ ಎರಡು ಸಲವಾಗಿ ಉತ್ತರಿಸಿದರು. "ತುಂಡು ತುಂಡಾಗಿ ಹೇಳಿದರೆ ಪಾಠ ಆಗಲ್ಲ." ಮತ್ತೆ ಟೈಪಿಸಿ, "ಗದರಿಸಿದ ಹಾಗಾಗುತ್ತೆ."

ಅವರು ಹೋದ ಮೇಲೆ ನಂಗ್‌ಬಿಡಿಯವರು ಕಂಪ್ಯೂಟರ್ ತೆರೆದರು. ಒಂಚೂರು ಬಾಕಿ ಎಂದದ್ದು ಸುಳ್ಳು. ಒಂಚೂರೂ ಆಗಿರಲಿಲ್ಲ. ದನಿಯನ್ನು ನಿಧಾನ ಮಾಡಿ ನೋಡಿದ್ದರು, ಜೋರು ಮಾಡಿ ನೋಡಿದ್ದರು; ಅದು ನಿಧಾನವಾಗಿ ಒಮ್ಮೆ, ಜೋರಾಗಿ ಒಮ್ಮೆ ಅರ್ಧಕ್ಕೇ ನಿಂತಿತ್ತು. ಸೋಮವಾರ ಸಂಜೆ ಕಂಡಕ್ಟರಮ್ಮ ಹೊಸ ಆವೃತ್ತಿಯ ಬಾಗಿಲು ಹಾಕುವವರಿದ್ದರು. ಅದರೊಳಗೆ ಸೇರದ ದುರಸ್ತಿ ಬುಧವಾರಕ್ಕೆ ಭಾವನ ಫೋನು ಮುಟ್ಟುವಂತಿರಲಿಲ್ಲ.

ಅವರ ಟವೆಲಿನ ಕೆಳಗೆ ಯಾರೋ ಹೊಸಬರು, ಇರುವೆ ಎಂಬ ಹೆಸರಿನವರು, ಬರೆದಿದ್ದರು: "ಇದನ್ನ ನೀವು ಮಾಡ್ತಾ ಇದೀರಾ? ನಂಗೊಂದು ದಾರಿ ಹೊಳೆದಿದೆ. ನೀವು ಬಿಟ್ಟುಕೊಟ್ರೆ ನೋಡ್ತೀನಿ."

ನಂಗ್‌ಬಿಡಿಯವರ ಕೈ ಕೀಬೋರ್ಡಿನ ಮೇಲೆ ನಿಂತಿತು. ಬಿಟ್ಟುಕೊಟ್ಟೆ ಎಂದು ಬರೆದರೆ ಊರೆಲ್ಲ ಓದುತ್ತದೆ. ಅಕ್ಕನಿಗೂ ಹೇಳಬೇಕಾಗುತ್ತದೆ. ಇಷ್ಟಕ್ಕೂ ಸಂಜೆಯೊಳಗೆ ತನಗೇ ಹೊಳೆದುಬಿಟ್ಟರೆ? ಅವರು ಬರೆದರು: "ಮುಗೀತಾ ಬಂತು. ಇವತ್ತು ಸಂಜೆ ಹಾಕ್ತೀನಿ."

"ಸರಿ, ಒಳ್ಳೇದಾಯ್ತು," ಎಂದು ಬರೆದು ಇರುವೆ ಬೇರೆ ಕೆಲಸ ಹುಡುಕಿಕೊಂಡು ಹೋಯಿತು.

ಸಂಜೆ ಬಂತು. ಹೊಳೆದದ್ದು ಆಕಾಶದಲ್ಲಿ ನಕ್ಷತ್ರ ಮಾತ್ರ. ಹೆಂಡತಿ ಒಗೆದ ಬಟ್ಟೆ ಮಡಚುತ್ತ ಅವರ ಬೆನ್ನನ್ನೇ ನೋಡುತ್ತಿದ್ದಳು.

"ರೀ, ಆಗಲ್ಲ ಅಂತಾದ್ರೆ ಆಗಲ್ಲ ಅನ್ನಿ. ನಿಮ್ಮನ್ನ ಯಾರೂ ಗಲ್ಲಿಗೆ ಹಾಕಲ್ಲ."

"ಆಗಲ್ಲ ಅಂತ ಯಾರಂದ್ರು?"

"ಯಾರೂ ಅಂದಿಲ್ಲ. ಅದೇ ತೊಂದರೆ ಆಗಿರೋದು."

ಸೋಮವಾರ ಪ್ರೆಸ್ಸಿನಲ್ಲಿ ಮುದ್ರಣ ಯಂತ್ರ ನೆಲ ನಡುಗಿಸುತ್ತಿತ್ತು. ಶಾಯಿ ವಾಸನೆಯ ಆ ಮೂಲೆಯಲ್ಲಿ ಯಾವುದೋ ಔಷಧಿ ಡಬ್ಬಿಯ ಚೀಟಿ ಜೋಡಿಸುತ್ತ ನಂಗ್‌ಬಿಡಿಯವರು ಫೋನು ನೋಡಿದರು. ಕಂಡಕ್ಟರಮ್ಮ ಒಂದೇ ಸಾಲು ಬರೆದಿದ್ದರು: "ನಿನ್ನೆ ಸಂಜೆ ಅಂದಿದ್ರಿ. ಎಲ್ಲಿ?"

ಅದರಲ್ಲಿ ಬೈಗುಳವಿರಲಿಲ್ಲ. ಬೈದಿದ್ದರೆ ಜಗಳ ತೆಗೆದು ಬಚಾವಾಗಬಹುದಿತ್ತು. ಅವರಿಗೆ ಕಂಡದ್ದು ಭಾವ, ಉಗ್ರಾಣದ ದೂಳಿನಲ್ಲಿ, ಬೆಂಚುಗಳ ನಡುವೆ. ಮೇಷ್ಟ್ರಿಗೆ ದನಿ ಹೋದದ್ದು ಆಪರೇಶನ್ನಿನಿಂದ. ತರಗತಿ ಹೋದರೆ ಅದು ತನ್ನಿಂದ.

ಬರೆದು ಅಳಿಸಿದರು. ಮತ್ತೆ ಬರೆದರು. "ನನ್ನ ಕೈಯಲ್ಲಿ ಆಗಲಿಲ್ಲ. ಒಂಚೂರೂ ಆಗಿಲ್ಲ. ಮುಗೀತಾ ಬಂತು ಅಂದಿದ್ದು ಸುಳ್ಳು. ಬಿಟ್ಟುಕೊಡ್ತಾ ಇದೀನಿ. ಇರುವೆಯವರೇ, ದಯವಿಟ್ಟು ನೋಡ್ತೀರಾ? ಬುಧವಾರ ಒಬ್ಬರ ನೌಕರಿ ಇದರ ಮೇಲಿದೆ."

ಉತ್ತರ ಬೇಗ ಬಂತು, ಆದರೆ ಬೇಕಾದದ್ದಲ್ಲ. "ನಾನೀಗ ಸಹಾಯ ಪುಟಗಳನ್ನ ಹೊಸದಾಗಿ ಬರೆಯೋ ಕೆಲಸ ಹಿಡಿದಿದೀನಿ. ಅದೂ ಇವತ್ತು ಸಂಜೆಗೇ ಬೇಕು. ಒಬ್ಬರಿಗೆ ಒಂದೇ ಅಲ್ವಾ."

ಕಂಡಕ್ಟರಮ್ಮ ನಡುವೆ ಬಾಯಿ ಹಾಕಿದರು. "ಸೀಟು ಬದಲಾಯಿಸ್ಕೊಳ್ಳಿ. ಅವರದು ಇವರಿಗೆ, ಇವರದು ಅವರಿಗೆ. ಇಬ್ಬರಲ್ಲಿ ಯಾರದು ತಪ್ಪಿದ್ರೂ ನಾನು ಕಾಯಲ್ಲ."

ಸಹಾಯ ಪುಟ ಎಂದರೆ ಯಾರೂ ಹೊಗಳದ, ಯಾರೂ ಓದದ ಕೆಲಸ: ಈ ಗುಂಡಿ ಒತ್ತಿದರೆ ಇದು, ಆ ಗುಂಡಿ ಒತ್ತಿದರೆ ಅದು. ನಂಗ್‌ಬಿಡಿಯವರು ಮೊದಲ ಬಾರಿಗೆ ಕೆಲಸ ಎಷ್ಟಿದೆ ಎಂದು ಪೂರ್ತಿ ಓದಿ, ಆಮೇಲೆ ಒಪ್ಪಿಕೊಂಡರು. ಮಾಲೀಕರಿಗೆ ಅರ್ಧ ದಿನದ ರಜೆ ಹೇಳಿ, ಅಲ್ಲೇ ಕೂತು ಬರೆಯತೊಡಗಿದರು. ನಡುವೆ ಭಾವನಿಗೆ ಬರಹೇಳಿ ಕಳಿಸಿದರು.

ಭಾವ ಬಂದು ಕಾಗದದ ಕಟ್ಟುಗಳ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಟೈಪಿಸಿದರು.

"ಭಾಮೈದ, ಇದನ್ನ ನೀನು ನಿನ್ನೆ ಬೆಳಿಗ್ಗೆ ನಾವು ಬಂದಾಗಲೇ ಹೇಳಿದ್ದರೆ," ಎಂದು ಫೋನು ನಿಂತಿತು.

ಉಳಿದದ್ದು ತೆರೆಯ ಮೇಲಿತ್ತು. ಭಾವ ಅದನ್ನು ತೋರಿಸಲಿಲ್ಲ. ನಂಗ್‌ಬಿಡಿಯವರೂ ಬಗ್ಗಿ ನೋಡಲಿಲ್ಲ.

ಇರುವೆಯ ದಾರಿ ಸರಳವಾಗಿತ್ತು. ಆ್ಯಪ್ ಇಡೀ ವಾಕ್ಯವನ್ನು ಒಂದೇ ತುತ್ತಿಗೆ ಫೋನಿನ ಬಾಯಿಗೆ ತುರುಕುತ್ತಿತ್ತು. ಹೊಸ ಫೋನು ಅರ್ಧ ನುಂಗಿ ಅರ್ಧ ಉಗುಳುತ್ತಿತ್ತು. ಚಿಕ್ಕ ಚಿಕ್ಕ ತುತ್ತು ಮಾಡಿ, ಒಂದು ಇಳಿದ ಮೇಲೆ ಇನ್ನೊಂದು ಕೊಟ್ಟರಾಯಿತು. ಇರುವೆಯ ಬಳಿ ಆ ಬಗೆಯ ಫೋನಿರಲಿಲ್ಲ. ಹಾಗಾಗಿ ಇರುವೆ ಕಳಿಸಿದ್ದನ್ನೆಲ್ಲ ಭಾವ ಪರೀಕ್ಷಿಸಿದರು. ಮೊದಲ ಸಲ ಮಾತು ಪೂರ್ತಿ ಬಂತು, ಆದರೆ ತುತ್ತು ತುತ್ತಿನ ನಡುವೆ ಆಕಳಿಸುವಷ್ಟು ಬಿಡುವು. ಎರಡನೇ ಸಲ ತುತ್ತುಗಳು ಒಂದರ ಮೇಲೊಂದು ಹತ್ತಿದವು. ಕಿಟಕಿಯ ಬಿಸಿಲು ಯಂತ್ರದಿಂದ ಗೋಡೆಗೆ ಏರಿತು. ನಂಗ್‌ಬಿಡಿಯವರು ತಲೆ ಎತ್ತದೆ ಗುಂಡಿಗಳ ಬಗ್ಗೆ ಬರೆಯುತ್ತಿದ್ದರು. ಅದು ತಪ್ಪಿದರೆ ಇರುವೆಗೂ ಮಾತು ತಪ್ಪಿದಂತೆ. ಕೊನೆಗೆ ಫೋನು ತಡೆಯಿಲ್ಲದೆ ಮಾತಾಡಿತು; ಬಾಗಿಲು ಹಾಕುವ ಹೊತ್ತಿಗೆ ದುರಸ್ತಿ, ಸಹಾಯ ಪುಟ ಎರಡೂ ಒಳಗೆ ಸೇರಿದವು. ಪ್ರೆಸ್ಸಿನಲ್ಲಿ ಪರೀಕ್ಷಿಸಿದ್ದು ಕೆಲವೇ ವಾಕ್ಯ. ಸಮಿತಿಯ ಮುಂದೆ ಎಷ್ಟು ಹೊತ್ತು ಬಾಳುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಬುಧವಾರ ಶಾಲೆಯ ಕಾರಿಡಾರಿನ ಬೆಂಚಿನ ಮೇಲೆ ಅಕ್ಕ ತಮ್ಮ ಕೂತಿದ್ದರು. ಮುಚ್ಚಿದ ಬಾಗಿಲಿನ ಆಚೆ ಭಾವನ ಫೋನು ತ್ರಿಕೋನದ ಪಾಠ ಹೇಳಿತು. ಮೊತ್ತವನ್ನೂ ಹೇಳಿತು. ಅಕ್ಕ ಸೆರಗಿನ ತುದಿ ಹಿಂಡುವುದನ್ನು ಬಿಟ್ಟಳು. ಆಗ ಒಳಗೆ ಯಾರೋ ಒಬ್ಬರು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

"ಮೇಷ್ಟ್ರೇ, ಹಿಂದಿನ ಬೆಂಚಲ್ಲಿ ಗಲಾಟೆ ಮಾಡಿದ್ರೆ ಏನ್ ಮಾಡ್ತೀರಿ? ನಿಮ್ಮ ಫೋನು ಕಿರುಚುತ್ತಾ?"

ಮೌನ.

ಅದು ಟೈಪಿಸುವ ಮೌನವೋ, ದನಿ ನಿಂತ ಮೌನವೋ ಹೊರಗಿನಿಂದ ತಿಳಿಯುವಂತಿರಲಿಲ್ಲ. ಒಳಗೊಂದು ಕುರ್ಚಿ ಕಿರುಗುಟ್ಟಿತು. ಯಾರೋ ಕೆಮ್ಮಿದರು. ನಂಗ್‌ಬಿಡಿಯವರು ತಮಗರಿವಿಲ್ಲದೆಯೇ ಎದ್ದರು. ಒಳಗೆ ಹೋಗಿ ಎರಡು ಮಾತು ಹೇಳಿದರೆ ಸಾಕು, ಭಾವನ ಪರವಾಗಿ, ಸಮಿತಿಗೆ ಅರ್ಥವಾಗುವ ಹಾಗೆ. ಬಾಗಿಲ ಹಿಡಿಯ ಮೇಲೆ ಕೈ ಇಟ್ಟೂ ಆಯಿತು. ಅಕ್ಕ ತಡೆಯಲಿಲ್ಲ; ಸುಮ್ಮನೆ ನೋಡಿದಳು.

ಅವರು ಕೈ ತೆಗೆದು, ಗೋಡೆಗೆ ಒರಗಿ ನಿಂತರು.

"ಮೂವತ್ತು ವರ್ಷ ಕಿರುಚಿ ನೋಡಿದ್ದೇನೆ ಸ್ವಾಮಿ," ಎಂದಿತು ಒಳಗಿನಿಂದ ಫೋನು, ತಡವರಿಸದೆ, "ಹಿಂದಿನ ಬೆಂಚಿನವರು ಒಂದು ದಿನವೂ ಹೆದರಲಿಲ್ಲ, ಹೆದರಿ ಎದ್ದು ಕೂರುತ್ತಿದ್ದವರೆಲ್ಲ ಪಕ್ಕದ ತರಗತಿಯವರು, ಇನ್ನು ಮೇಲೆ ಪಾಪ ಅವರಾದರೂ ನೆಮ್ಮದಿಯಾಗಿ ನಿದ್ದೆ ಮಾಡಲಿ."

ಮೊದಲು ಒಬ್ಬರು ನಕ್ಕರು. ಆಮೇಲೆ ಉಳಿದವರು. ಕೇಳಿದವರ ದನಿಯೇ ಮತ್ತೆ ಬಂತು: "ಸೋಮವಾರದಿಂದ ಯಾವ ತರಗತಿ ತಗೋತೀರಿ ಮೇಷ್ಟ್ರೇ?"

ಅಕ್ಕ ಬೆಂಚಿನ ಮೇಲೆ ಸ್ವಲ್ಪ ಸರಿದು ತಮ್ಮನಿಗೆ ಜಾಗ ಮಾಡಿದಳು. ಒಳಗೆ ಮತ್ತೆ ಮೌನ. ಈ ಸಲ ಇಬ್ಬರೂ ಕೂತು ಕಾದರು.