ಹಾಗಲಕಾಯಿ ಬಣ್ಣದ ಕಾರು

ನಮ್ಮ ಬೀದಿಯಲ್ಲಿ ನಮ್ಮ ಕಾರಿಗೆ ಹಾಗಲಕಾಯಿ ಎಂದು ಹೆಸರು. ಇಟ್ಟವರು ಯಾರೋ ತಿಳಿಯದು, ಆದರೆ ಅವರ ಕಣ್ಣು ಚುರುಕಾಗಿತ್ತೆಂದು ಒಪ್ಪಲೇಬೇಕು. ಫ್ರಿಜ್ಜಿನ ಮೂಲೆಯಲ್ಲಿ ಎರಡು ವಾರ ಮರೆತುಬಿಟ್ಟ ಹಾಗಲಕಾಯಿಗೆ ಅತ್ತ ಹಸಿರೂ ಅಲ್ಲದ, ಇತ್ತ ಹಳದಿಯೂ ಅಲ್ಲದ ಒಂದು ಬಣ್ಣ ಬರುತ್ತದಲ್ಲ, ಅದನ್ನೇ ಹುಡುಕಿ ತಂದು ಬಳಿದಂತಿತ್ತು. ಬಿಳಿಯದು ಬೇಕಾದರೆ ಮೂರು ತಿಂಗಳು ಕಾಯಬೇಕು, ಇದಾದರೆ ಇವತ್ತೇ ತೆಗೆದುಕೊಂಡು ಹೋಗಬಹುದು ಎಂದು ಷೋರೂಮಿನವರು ಹೇಳಿದಾಗ, ಕಾಯುವುದೆಂದರೆ ಮೈ ಪರಚಿಕೊಳ್ಳುವ ನಾನು ಹೂಂ ಎಂದುಬಿಟ್ಟೆ. ದೊಡ್ಡಬಳ್ಳಾಪುರದ ಮಗ್ಗಗಳಿಗೆ ಸೀರೆಯ ಅಂಚು ಸೆರಗುಗಳ ವಿನ್ಯಾಸ ಬರೆದುಕೊಡುವುದು ನನ್ನ ಕಸುಬು. ಯಾವ ಬಣ್ಣದ ಸೀರೆಯೊಡಲಿಗೆ ಯಾವ ಅಂಚು ಒಪ್ಪುತ್ತದೆಂದು ಊರಿಗೆಲ್ಲ ಹೇಳುವ ಮನುಷ್ಯ ತನಗಾಗಿ ಆರಿಸಿಕೊಂಡ ಬಣ್ಣ ಇದು ಎಂದು ಜನ ನಕ್ಕಿದ್ದರಲ್ಲಿ ತಪ್ಪೇನಿಲ್ಲ. ನನ್ನ ಹೆಂಡತಿ ಜಯಾ ಮಾತ್ರ ನಗಲಿಲ್ಲ. ಕಾರನ್ನು ಒಂದು ಸುತ್ತು ಹಾಕಿ ನೋಡಿ, "ಹೋಗ್ಲಿ ಬಿಡಿ, ಧೂಳು ಕೂತ್ರೆ ಗೊತ್ತಾಗಲ್ಲ" ಎಂದಳು.

ಈ ವರ್ಷ ಆ ಕಾರಿಗೆ ಹದಿನೈದು ತುಂಬಿತು. ಹದಿನೈದು ತುಂಬಿದ ಕಾರನ್ನು ಸಾರಿಗೆ ಕಚೇರಿಗೆ ಕೊಂಡೊಯ್ದು, ಇನ್ನೂ ಓಡಲು ಯೋಗ್ಯ ಎಂದು ಅಧಿಕಾರಿಯಿಂದ ಹೇಳಿಸಿಕೊಳ್ಳಬೇಕೆಂಬ ನಿಯಮ ನಿಮಗೂ ತಿಳಿದಿರಬಹುದು. ಯೋಗ್ಯವಲ್ಲ ಎಂದರೆ ಗುಜರಿಗೆ. ಜಯಾಳ ತಮ್ಮ ಶ್ರೀನಿವಾಸ ಎರಡು ಸಲ ಮನೆಗೆ ಬಂದು, "ಭಾವ, ಈ ತಾಪತ್ರಯ ಎಲ್ಲ ಯಾಕೆ, ಎಕ್ಸ್‌ಚೇಂಜ್‌ಗೆ ಹಾಕ್ಬಿಡಿ. ಒಬ್ರೇ ಇದೀರ, ಆಟೊಮ್ಯಾಟಿಕ್ ಗಾಡಿ ತಗೊಳ್ಳಿ" ಎಂದು ಹೇಳಿ ಹೋದ. ಒಬ್ಬನೇ ಇದ್ದೇನೆ ಎಂಬುದು ನಿಜ. ನಮಗೆ ಮಕ್ಕಳಿಲ್ಲ, ಜಯಾ ಹೋಗಿ ಎರಡು ವರ್ಷವಾಯಿತು. ಅವಳ ಸೀರೆಗಳನ್ನು ಅವಳ ಅಕ್ಕತಂಗಿಯರು ಹಂಚಿಕೊಂಡರು, ಅವಳು ಮಲಗುತ್ತಿದ್ದ ಮಂಚವನ್ನು ಹಿರಿಯರು ಹೇಳಿದರೆಂದು ಯಾರಿಗೋ ಕೊಟ್ಟೆವು. ಉಳಿದದ್ದು ಈ ಕಾರಿನ ಹಿಂದಿನ ಸೀಟಿನ ಎಡಮೂಲೆ. ಅಲ್ಲಿ ಸೀಟಿನ ಬಟ್ಟೆ ಸ್ವಲ್ಪ ಕುಸಿದು ಅವಳ ಅಳತೆಗೆ ಒಂದು ತಗ್ಗು ಬಿದ್ದಿದೆ. ಅದೂ ಗುಜರಿಗೆ ಹೋದರೆ ಅವಳು ಕೂತಿದ್ದ ಜಾಗ ಎಂದು ತೋರಿಸಲು ನನಗೆ ಇನ್ನೊಂದಿಲ್ಲ. ಇದನ್ನು ಶ್ರೀನಿವಾಸನಿಗೆ ಹೇಳಲು ನಾಚಿಕೆಯಾಯಿತು, ನಿಮಗೆ ಹೇಳುತ್ತಿದ್ದೇನೆ.

ಕಾರಿನ ಮೇಲೆ ನನಗೆ ಮೊದಲಿನಿಂದ ಇಷ್ಟು ಮಮತೆ ಇತ್ತೆಂದು ತಿಳಿಯಬೇಡಿ. ಐದು ವರ್ಷ ಎಳೆದರೆ ಸಾಕು ಎಂದುಕೊಂಡೇ ಮನೆಗೆ ತಂದದ್ದು. ಒಮ್ಮೆ ಎದುರು ಮನೆಯ ಕೃಷ್ಣಪ್ಪನ ಸಂಸಾರ ಅವರ ದೊಡ್ಡ ಗಾಡಿಯಲ್ಲಿ, ನಾವು ನಮ್ಮ ಹಾಗಲಕಾಯಿಯಲ್ಲಿ ನಂದಿಬೆಟ್ಟಕ್ಕೆ ಹೊರಟೆವು. ಬೆಟ್ಟದ ತಿರುವಿನಲ್ಲಿ ಅವನ ಗಾಡಿ ಬುಸ್ಸೆಂದು ಹೊಗೆ ಬಿಟ್ಟು ನಿಂತಿತು. ಕೃಷ್ಣಪ್ಪ, ಅವನ ಹೆಂಡತಿ, ಪುಳಿಯೋಗರೆಯ ಡಬ್ಬ, ಎಲ್ಲವನ್ನೂ ತುಂಬಿಕೊಂಡು ನಮ್ಮದು ಎರಡನೇ ಗೇರಿನಲ್ಲಿ ಗೊಣಗುತ್ತ ಗೊಣಗುತ್ತ ಮೇಲೆ ಹತ್ತಿಬಿಟ್ಟಿತು. ಮೇಲೆ ಇಳಿದ ಕೃಷ್ಣಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟು, "ಲೇ, ನಿನ್ ಹಾಗಲಕಾಯಿ ಪರ್ವಾಗಿಲ್ಲ ಕಣೋ" ಎಂದ. ಹದಿನೈದು ವರ್ಷದಲ್ಲಿ ಅದಕ್ಕೆ ಸಿಕ್ಕ ದೊಡ್ಡ ಬಿರುದು ಅದೇ.

ವಿಚಿತ್ರವೆಂದರೆ, ಆ ಪ್ರವಾಸದ ಕಥೆಯನ್ನು ಇವತ್ತಿಗೂ ಬೀದಿಯಲ್ಲಿ ಹೇಳುವಾಗ ಅದು ಕೃಷ್ಣಪ್ಪನ ಗಾಡಿ ಕೆಟ್ಟ ಕಥೆಯಾಗಿಯೇ ಇದೆ. ಕೆಟ್ಟು ನಿಂತದ್ದಕ್ಕೆ ಕಥೆಯುಂಟು, ಕೆಡದೆ ಓಡಿದ್ದಕ್ಕೆ ಏನಿದೆ ಹೇಳಲು? ಎಲ್ಲಿಯೂ ನಿಲ್ಲದ ಕಾರು ತನ್ನ ಒಡೆಯನಿಗೆ ಒಂದು ಪ್ರಸಂಗವನ್ನೂ ಕೊಡುವುದಿಲ್ಲ. ನನ್ನ ಕಸುಬಿನಲ್ಲೂ ಇದೇ ಆಗುತ್ತದೆ. ಸೀರೆ ಕೊಳ್ಳಲು ಬಂದವರು ಅಂಚು ನೋಡುತ್ತಾರೆ, ಸೆರಗು ಬಿಡಿಸಿ ಹೊಗಳುತ್ತಾರೆ. ಅಷ್ಟುದ್ದದ ಒಡಲು ಒಂದೆಳೆಯೂ ತಪ್ಪದೆ ಬಂದಿದೆಯೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ತಪ್ಪಿದ್ದರೆ ಮಾತ್ರ ಬೆರಳಿಟ್ಟು ತೋರಿಸುತ್ತಾರೆ. ನಮ್ಮ ಬದುಕಿನಲ್ಲಿ ಅಡ್ಡಿಪಡಿಸದೆ ಇದ್ದವರ ಕಡೆ ನಾವು ತಿರುಗಿ ನೋಡುವುದು ಕಡಿಮೆ ಎಂದು ಈಗೀಗ ಅನ್ನಿಸುತ್ತದೆ. ಜಯಾಳ ಬಗ್ಗೆ ಹೇಳಿ ಎಂದು ಯಾರಾದರೂ ಕೇಳಿದರೆ ನನಗೆ ಪ್ರಸಂಗಗಳೇ ಹೊಳೆಯುವುದಿಲ್ಲ. ಮೂವತ್ತೊಂದು ವರ್ಷ ಜೊತೆಗಿದ್ದಳು, ಅಷ್ಟೇ ಹೇಳಲು ಬರುತ್ತದೆ.

ಅವಳು ಹಿಂದಿನ ಸೀಟಿಗೆ ಹೋದದ್ದು ಹೇಗೆಂದು ಹೇಳಬೇಕು. ಹೊಸ ಗಾಡಿ ತಂದವರು ಮೊದಲು ಘಾಟಿ ಸುಬ್ರಹ್ಮಣ್ಯನ ಸನ್ನಿಧಿಗೆ ಹೋಗಿ ಪೂಜೆ ಮಾಡಿಸುವುದು ನಮ್ಮ ಮನೆಯ ರೂಢಿ. ಆ ದಿನ ನಮ್ಮಣ್ಣ ಬಂದಿದ್ದ. ಮನೆಗೆ ಹಿರಿಯ ಗಂಡಸು ಮುಂದೆ ಕೂರಬೇಕು ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಅಣ್ಣ ಮುಂದಿನ ಬಾಗಿಲು ತೆಗೆದ, ಜಯಾ ಹಿಂದಿನದು ತೆಗೆದಳು. ಆಮೇಲೆ ಅಮ್ಮನ ಮಂಡಿನೋವು ಶುರುವಾಯಿತು, ಕಾಲು ಚಾಚಲು ಮುಂದಿನ ಸೀಟೇ ಬೇಕಾಯಿತು, ಏಳು ವರ್ಷ ಅದು ಅಮ್ಮನದಾಗಿತ್ತು. ಅಮ್ಮ ತೀರಿಕೊಂಡ ಮೇಲೆ ಮುಂದಿನ ಸೀಟು ಖಾಲಿಯಾಯಿತು. ತಿಥಿ ಮುಗಿಸಿ ಮೊದಲ ಸಲ ನಾವಿಬ್ಬರೇ ಹೊರಟಾಗ ಜಯಾ ಎಂದಿನಂತೆ ಹಿಂದಿನ ಬಾಗಿಲು ತೆಗೆದು ಕೂತಳು. ಮುಂದೆ ಬಾ ಎನ್ನಬೇಕೆಂದು ನಾಲಗೆಯ ತುದಿಗೆ ಬಂತು. ಅತ್ತೆಯ ಜಾಗಕ್ಕೆ ಇಷ್ಟು ಬೇಗ ಹೇಗೆ ಬರುವುದೆಂದು ಅವಳಿಗೆ ಸಂಕೋಚವಿರಬಹುದು, ತಾನಾಗಿ ಬರಲಿ ಎಂದು ಸುಮ್ಮನಾದೆ. ನಾನು ಕರೆಯಲಿ ಎಂದು ಅವಳು ಕಾದಿದ್ದಳೋ ಏನೋ. ಬೀದಿಯವರು, "ಏನಪ್ಪಾ, ಯಜಮಾನಮ್ಮಂಗೆ ಡ್ರೈವರ್ ಆಗ್ಬಿಟ್ಟಿದೀಯ" ಎಂದು ಛೇಡಿಸುತ್ತಿದ್ದರು. ಇಬ್ಬರೂ ನಗುತ್ತಿದ್ದೆವು. ನಕ್ಕು ನಕ್ಕು ಅದೇ ಅಭ್ಯಾಸವಾಗಿ ಹೋಯಿತು.

ಮುಂದೆ ಅವಳ ಮೂತ್ರಪಿಂಡಗಳು ಸೋತವು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬೆಂಗಳೂರಿಗೆ ಹೋಗಬೇಕಾಯಿತು, ಸುಮಾರು ಮೂರು ವರ್ಷ. ಬೆಳಿಗ್ಗೆ ರಾಜಾನುಕುಂಟೆ, ಯಲಹಂಕ ದಾಟಿ ಆಸ್ಪತ್ರೆ ಸೇರುವುದು. ಮಧ್ಯಾಹ್ನದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುವುದು. ಈಗ ಹಿಂದಿನ ಸೀಟಿಗೆ ಒಂದು ಕಾರಣವೂ ಸಿಕ್ಕಿತು, ಬರುವಾಗ ಅವಳು ಮೂಲೆಗೆ ಒರಗಿ ಕಾಲು ಮಡಚಿಕೊಳ್ಳುತ್ತಿದ್ದಳು. ಆ ಮೂರು ವರ್ಷದಲ್ಲಿ ನಮ್ಮ ಹಾಗಲಕಾಯಿ ಒಂದು ದಿನವೂ, ಒಂದೇ ಒಂದು ದಿನವೂ, ಕೈಕೊಡಲಿಲ್ಲ. ಮಳೆಗೆ ಯಲಹಂಕದ ರಸ್ತೆಯಲ್ಲಿ ನೀರು ನಿಂತು ಎಷ್ಟೋ ಗಾಡಿಗಳು ಮುಳುಗಿ ನಿಂತ ದಿನವೂ ಇದು ಗೊಣಗುತ್ತಲೇ ದಾಟಿತು. ಆಸ್ಪತ್ರೆಯ ಆ ಯಂತ್ರದವರೆಗೆ ಅವಳನ್ನು ಹೊತ್ತು ಮುಟ್ಟಿಸಿದ ಈ ಯಂತ್ರಕ್ಕೆ ನಾನು ಆಗ ಸರಿಯಾಗಿ ಆಯಿಲ್ ಕೂಡ ಬದಲಾಯಿಸುತ್ತಿರಲಿಲ್ಲ. ಅವಳೇ ನೆನಪಿಸುತ್ತಿದ್ದಳು, "ಅದುಕ್ಕೂ ಒಂಚೂರು ನೋಡ್ಕೊಳ್ರಿ, ಪಾಪ" ಎಂದು.

ತಪಾಸಣೆಗೆ ಮುಂಚೆ ಕಾರನ್ನು ಮೆಕ್ಯಾನಿಕ್ ಮುನಿರಾಜುವಿನ ಹತ್ತಿರ ಬಿಟ್ಟಿದ್ದೆ. ಎರಡು ದಿನ ಅದರ ಕೆಳಗೆ ಮಲಗಿ ಎದ್ದ ಅವನು ಕೈ ಒರೆಸಿಕೊಳ್ಳುತ್ತ, "ಅಣ್ಣಾ, ಎಂಜಿನ್ ಇನ್ನೂ ಕಲ್ಲು ಇದ್ದಂಗೈತೆ. ಬ್ರೇಕ್ ಮಾಡಿದೀನಿ, ಲೈಟ್ ಮಾಡಿದೀನಿ. ಹಿಂದಿನ ಸೀಟ್ ಒಂದು ಕುಸಿದೈತೆ, ಸ್ಪಂಜ್ ಹಾಕಿ ಎತ್ತಿಸಿಬಿಡ್ಲಾ?" ಎಂದು ಕೇಳಿದ. ಬೇಡ ಎಂದೆ. ನನ್ನ ದನಿ ಜೋರಾಗಿತ್ತೆಂದು ಕಾಣುತ್ತದೆ, ಅವನು ನನ್ನ ಮುಖ ನೋಡಿ ಮಾತು ಬದಲಿಸಿದ.

ದೇವನಹಳ್ಳಿಯ ಸಾರಿಗೆ ಕಚೇರಿಗೆ ಹೊರಟ ಬೆಳಿಗ್ಗೆ ಪರೀಕ್ಷೆಗೆ ಹೋಗುವ ಹುಡುಗನ ಹಾಗೆ ಕಾಗದಪತ್ರಗಳನ್ನು ಎರಡೆರಡು ಸಲ ಎಣಿಸಿಕೊಂಡೆ. ಮೈದಾನದಲ್ಲಿ ಸಾಲು ನಿಂತೆವು. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು. ಕೆಳಗೆ ಹಳೆಯ ಕಾರುಗಳು, ಅವುಗಳ ಪಕ್ಕದಲ್ಲಿ ಅವುಗಳಷ್ಟೇ ಸವೆದ ಒಡೆಯರು. ಅಧಿಕಾರಿ ಚಿಕ್ಕ ವಯಸ್ಸಿನವನು, ಮುಖದಲ್ಲಿ ಗಾಂಭೀರ್ಯ. ದೀಪ, ಹಾರ್ನು, ಚಕ್ರ ಎಲ್ಲ ನೋಡಿ, ಎಂಜಿನ್ ಶಬ್ದಕ್ಕೆ ಕಿವಿಗೊಟ್ಟು, ನನ್ನ ಸೀಟಿನಲ್ಲಿ ಕೂತು ತಲೆಯೆತ್ತಿದ. ಅಲ್ಲೇ ಅವನ ಕಣ್ಣು ನಿಂತಿತು.

"ಇದೇನ್ ಸಾರ್, ಕನ್ನಡಿ ಹಿಂಗಿಟ್ಕೊಂಡಿದೀರ? ಹಿಂದಗಡೆ ರೋಡೇ ಕಾಣಲ್ವಲ್ಲ. ಬರೀ ಸೀಟ್ ಮೂಲೆ ಕಾಣ್ತೈತೆ."

ಡಯಾಲಿಸಿಸ್‌ನ ಮೊದಲ ವಾರ, ಒರಗಿದವಳಿಗೆ ಎಚ್ಚರವಿದೆಯೋ ಇಲ್ಲವೋ ಎಂದು ಪದೇ ಪದೇ ಹಿಂದಿರುಗಿ ನೋಡುವುದು ಕಷ್ಟವಾಗಿ ನಾನೇ ಅದನ್ನು ಎಡಮೂಲೆಗೆ ತಿರುಗಿಸಿದ್ದೆ. ಆಮೇಲೆ ಅದನ್ನು ಮುಟ್ಟಲಿಲ್ಲ. ಅವಳು ಹೋದ ಮೇಲೂ ಎರಡು ವರ್ಷ ಹಾಗೆಯೇ ಓಡಿಸಿದ್ದೇನೆ, ಹಿಂದೆ ಬರುವ ಗಾಡಿಗಳನ್ನು ಹೊರಗಿನ ಕನ್ನಡಿಯಲ್ಲಿ ಅಂದಾಜು ಮಾಡಿಕೊಂಡು. "ನಮ್ಮನೆಯವರು ಅಲ್ಲಿ ಕೂರ್ತಿದ್ರು" ಎಂದೆ. ಆ ಹುಡುಗ ಒಂದು ಕ್ಷಣ ಹಿಂದಿನ ಸೀಟಿನ ಕಡೆ ತಿರುಗಿ ನೋಡಿದ. ಎರಡು ಬೆರಳಿನಿಂದ ಕನ್ನಡಿಯನ್ನು ನೇರ ಮಾಡಿ ಇಳಿದ. "ಗಾಡಿ ಚೆನ್ನಾಗಿಟ್ಟಿದೀರ. ಇನ್ನೂ ಐದ್ ವರ್ಷ ಆರಾಮಾಗಿ ಓಡ್ಸಿ, ಸಾರ್" ಎಂದು ಕಾಗದದ ಮೇಲೆ ಬರೆದುಕೊಂಡು ಮುಂದಿನ ಕಾರಿಗೆ ಹೋದ.

ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅದನ್ನು ಹೇಳಲು ಯಾರಿಗೆ ಫೋನ್ ಮಾಡಲಿ ಎಂದು ಯೋಚಿಸುತ್ತ ದೊಡ್ಡಬಳ್ಳಾಪುರದ ರಸ್ತೆ ಹಿಡಿದೆ. ತಲೆಯೆತ್ತಿದಾಗಲೆಲ್ಲ ಕನ್ನಡಿಯಲ್ಲಿ ಲಾರಿ, ಬೈಕು, ಹಾಲಿನ ವ್ಯಾನು. ಇಷ್ಟು ಜನ ನನ್ನ ಹಿಂದೆಯೇ ಬರುತ್ತಿದ್ದರೇ ಎಂದು ಆಶ್ಚರ್ಯವಾಯಿತು, ಆದರೆ ಅವರಲ್ಲಿ ಒಬ್ಬರೂ ನನಗೆ ಬೇಕಾದವರಲ್ಲ. ಹತ್ತು ನಿಮಿಷಕ್ಕೆ ತಡೆಯಲಾರದೆ ರಸ್ತೆ ಪಕ್ಕ ಒಂದು ಹೊಂಗೆಮರದ ಕೆಳಗೆ ನಿಲ್ಲಿಸಿ, ಕನ್ನಡಿಯನ್ನು ಮತ್ತೆ ಎಡಮೂಲೆಗೆ ತಿರುಗಿಸಿದೆ. ತಗ್ಗು ಕಂಡಿತು. ಏಕೆ ತೋಚಿತೋ ತಿಳಿಯದು, ಇಳಿದು ಹಿಂದಿನ ಬಾಗಿಲು ತೆಗೆದು ಆ ತಗ್ಗಿನಲ್ಲಿ ಹೋಗಿ ಕೂತೆ. ಹದಿನೈದು ವರ್ಷದಲ್ಲಿ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು.

ಅವಳ ಹಾಗೆ ಮೂಲೆಗೆ ಒರಗಿ ತಲೆಯೆತ್ತಿದೆ. ಎದುರಿಗೆ ಅದೇ ಕನ್ನಡಿ, ಅದರಲ್ಲಿ ನಾನು ಈಗಷ್ಟೇ ಎದ್ದು ಬಂದ ಚಾಲಕನ ಸೀಟು, ಸರಿಯಾಗಿ ನನ್ನ ಮುಖ ಇರಬೇಕಾದ ಜಾಗ. ನಾನು ಅವಳನ್ನು ನೋಡುವ ಹಾಗೆ ತಿರುಗಿಸಿದ ಕನ್ನಡಿ ಅವಳಿಗೆ ನನ್ನನ್ನು ತೋರಿಸುತ್ತಿತ್ತು. ಇಷ್ಟು ಸರಳವಾದದ್ದು ನನ್ನ ತಲೆಗೆ ಒಂದು ಸಲವೂ ಹೊಳೆದಿರಲಿಲ್ಲ. ನಾನು ಕಣ್ಣೆತ್ತಿದಾಗಲೆಲ್ಲ ಅವಳು ಕಿಟಕಿಯಾಚೆ ನೋಡುತ್ತಿದ್ದಳು, ಅಥವಾ ಕಣ್ಣು ಮುಚ್ಚಿರುತ್ತಿದ್ದಳು, ಅದಕ್ಕೇ ನೋಡುವವನು ನಾನೊಬ್ಬನೇ ಎಂದುಕೊಂಡಿದ್ದೆ. ಆಸ್ಪತ್ರೆಯಿಂದ ಬರುವ ಮಧ್ಯಾಹ್ನಗಳಲ್ಲಿ, ಊಟ ಹೊಟ್ಟೆಗೆ ಬಿದ್ದು ನನ್ನ ರೆಪ್ಪೆ ಭಾರವಾಗುವ ಹೊತ್ತಿಗೆ ಸರಿಯಾಗಿ ಹಿಂದಿನಿಂದ ದನಿ ಬರುತ್ತಿತ್ತು: "ರೀ, ನಿಮಗೆ ನಿದ್ದೆ ಎಳೀತಿದೆ. ನಿಲ್ಸಿ, ಮುಖ ತೊಳ್ಕೊಂಡು ಟೀ ಕುಡೀರಿ." ಹಿಂದೆ ಒರಗಿದವಳಿಗೆ ನನ್ನ ಕಣ್ಣಿನ ಸ್ಥಿತಿ ಹೇಗೆ ತಿಳಿಯಿತೆಂದು ನಾನು ಕೇಳಲೇ ಇಲ್ಲ. ಮೈಯೊಳಗಿನ ರಕ್ತವನ್ನೆಲ್ಲ ಸೋಸಿಕೊಂಡು ಬಂದು ಎದ್ದು ಕೂರಲಾಗದ ಹೆಂಗಸು ದಾರಿಯುದ್ದಕ್ಕೂ ನನ್ನನ್ನು ಕಾಯುತ್ತಿದ್ದಳು, ನಾನು ಅವಳನ್ನು ಕಾಯುತ್ತಿದ್ದೇನೆ ಎಂದು ಬೀಗುತ್ತಿದ್ದೆ.

ಅಲ್ಲಿ ಕೂತು ಅತ್ತೆ. ಹಾದು ಹೋಗುವವರು ಚಾಲಕನಿಲ್ಲದ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬ ಮುದುಕ ಅಳುವುದನ್ನು ನೋಡಿ ಏನೆಂದುಕೊಂಡರೋ. ಆಮೇಲೆ ಬಾಟಲಿಯ ನೀರಿನಲ್ಲಿ ಮುಖ ತೊಳೆದುಕೊಂಡು ಮುಂದೆ ಬಂದು ಕೂತು, ಕನ್ನಡಿಯನ್ನು ಆ ಅಧಿಕಾರಿ ಇಟ್ಟಿದ್ದ ಹಾಗೆ ರಸ್ತೆಯ ಕಡೆಗೆ ತಿರುಗಿಸಿದೆ. ನಿದ್ದೆ ಬಂದರೆ ಹೇಳುವವರು ಹಿಂದೆ ಯಾರೂ ಇಲ್ಲ. ಇನ್ನು ಐದು ವರ್ಷ ನಾನೇ ಎಚ್ಚರವಾಗಿರಬೇಕು.